ಬಾಯ್ಲರಕ್ಕನ ಮನೆಗೆ ಗುಮಾಸ್ತ ಬಂದದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರುಗಳು ಎರಡು, ಒಂದು ಆವಿ ಕೊಡುತ್ತದೆ, ಇನ್ನೊಂದು ಬೆಳಿಗ್ಗೆ ಆರಕ್ಕೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಬರುತ್ತದೆ ಎಂದು ಅಲ್ಲಿಯವರು ಹೇಳಿಕೊಂಡು ನಗುತ್ತಿದ್ದರು. ಅವಳಿಗೆ ಬಾಯ್ಲರಕ್ಕ ಎಂಬ ಹೆಸರು ಬಿದ್ದದ್ದು ಹೀಗೆ. ಎದುರಿಗೇ ಕರೆದರೂ ಅವಳು ಬೇಸರ ಪಟ್ಟುಕೊಳ್ಳುತ್ತಿರಲಿಲ್ಲ. ಬೇಸರವೆಲ್ಲ ಮೆತ್ತಗಿನವರಿಗೆ, ಅವಳಿಗೆ ಬರುತ್ತಿದ್ದದ್ದು ಸಿಟ್ಟು ಮಾತ್ರ.

ಆ ಸಿಟ್ಟಿಗೆ ಕಾರಣವಿರಲಿಲ್ಲ ಎಂದು ಯಾರೂ ಹೇಳಬಾರದು. ವಾರ್ಡುಗಳಿಂದ ಬರುವ ಬಟ್ಟೆಯ ಗಂಟುಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಬರೀ ಬೆವರಿನದು ಬೇರೆ ಎಂದು ವಿಂಗಡಿಸಿ ಯಂತ್ರಕ್ಕೆ ತುಂಬುವುದು ಅವಳ ಕೆಲಸ. ಗಂಟಿನೊಳಗೆ ಚಮಚ ಬರುತ್ತಿತ್ತು, ಕನ್ನಡಕ ಬರುತ್ತಿತ್ತು, ಒಮ್ಮೆ ಯಾರದೋ ಹಲ್ಲುಸೆಟ್ಟೇ ಬಂದಿತ್ತು. ಅದೆಲ್ಲ ನಗುವ ಮಾತು. ಸೂಜಿಯೂ ಬರುತ್ತಿತ್ತು, ಅದು ನಗುವ ಮಾತಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಸೂಜಿ ಕೈಗವಸು ದಾಟಿ ಅವಳ ಹೆಬ್ಬೆರಳಿಗೆ ಹೊಕ್ಕಿತು. ಏನೂ ಅಂಟಿಲ್ಲ ಎಂಬ ಕಾಗದ ಕೈಗೆ ಬರುವ ತನಕ ಮೂರು ತಿಂಗಳು ಕಾದಳು. ಸೂಜಿ ಬಿಟ್ಟವರು ಯಾರೆಂದು ಕೇಳಿದರೆ ಎಲ್ಲರೂ ಗೋಡೆ ನೋಡಿದರು. ಅಂದಿನಿಂದ ಅವಳು ಯಾವ ನರ್ಸಮ್ಮನನ್ನೂ ಬಿಟ್ಟವಳಲ್ಲ. ಸೂಜಿ ಸಿಕ್ಕಿತೆಂದರೆ ಅದನ್ನು ಡಬ್ಬಿಗೆ ಹಾಕಿಕೊಂಡು ಆ ವಾರ್ಡಿನ ಬಾಗಿಲಿಗೇ ಹೋಗಿ ನಿಂತು ಗಂಟಲು ಬಿಚ್ಚುತ್ತಿದ್ದಳು.

ಲಾಂಡ್ರಿಯನ್ನು ಒಂದು ಗೋಡೆ ಎರಡು ಪಾಲು ಮಾಡಿತ್ತು. ಹಿಂದೆ ಕೊಳೆ ಬದಿ, ಮುಂದೆ ಶುದ್ಧ ಬದಿ. ಒಗೆಯುವ ಯಂತ್ರಗಳು ಗೋಡೆಯೊಳಗೇ ಕೂತಿದ್ದವು. ಕೊಳೆ ಈಚೆಯಿಂದ ಒಳಹೋದರೆ ಶುದ್ಧವಾಗಿ ಆಚೆ ಬರಬೇಕು. ಕೊಳೆ ಬದಿಯವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಆಚೆ ಕಾಲಿಡುವಂತಿಲ್ಲ. ಒಳ್ಳೆಯ ನಿಯಮವೇ. ಇಪ್ಪತ್ನಾಲ್ಕು ವರ್ಷದಲ್ಲಿ ಬಾಯ್ಲರಕ್ಕ ಅದನ್ನು ಒಮ್ಮೆಯೂ ಮುರಿದಿರಲಿಲ್ಲ. ಆದರೆ ಸ್ನಾನ ಮಾಡಿ ಊಟದ ಬೆಂಚಿಗೆ ಬಂದರೂ ಶುದ್ಧ ಬದಿಯ ಹೆಂಗಸರು ಒಂದು ಗೇಣು ಸರಿದು ಕೂರುತ್ತಿದ್ದರು. ಎರಡು ಸಲ ನೋಡಿದಳು. ಮೂರನೆಯ ಸಲ, 'ನಿಮ್ಮ ಬೆಂಚು ನಿಮ್ಮ ಮನೆಗೇ ಹೊತ್ಕೊಂಡು ಹೋಗಿ' ಎಂದು ಡಬ್ಬಿ ಎತ್ತಿಕೊಂಡು ಕೊಳೆ ಬದಿಯ ಹಿಂಬಾಗಿಲ ಮೆಟ್ಟಿಲಿಗೆ ಹೋದಳು. ಅಲ್ಲಿ ಕೂರಲು ಸ್ನಾನದ ತಾಪತ್ರಯವೂ ಇರಲಿಲ್ಲ. ಮೇಲಂಗಿ, ಕೈಗವಸು ಬಿಚ್ಚಿ, ಕೈ ತಿಕ್ಕಿ ತೊಳೆದು, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಹಣೆ ಒರೆಸಿಕೊಂಡು ಕೂತರೆ ಆಯಿತು.

ಆ ಮೆಟ್ಟಿಲಿನ ಮೇಲೆ ಗುಮಾಸ್ತ ಇದ್ದ. ಕಂದು ಬಣ್ಣದ, ಒಂದು ಕಿವಿ ಹರಿದ ಬೀದಿನಾಯಿ. ವಾರ್ಡಿನಿಂದ ಬಟ್ಟೆಯ ಗಾಡಿ ಬಂದರೆ ಎದ್ದು, ಒಂದೊಂದು ಗಂಟನ್ನೂ ಮೂಸಿ ನೋಡಿ, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿ ಮತ್ತೆ ತನ್ನ ಗೋಣಿಚೀಲದ ಮೇಲೆ ಮಲಗುತ್ತಿದ್ದ. ಬೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಆರು ವರ್ಷ ಅವಳ ಡಬ್ಬಿಯ ಅರ್ಧ ಅವನದಾಗಿತ್ತು. ಅವಳ ಪಕ್ಕದಲ್ಲಿ ಕೂತು ಉಣ್ಣುವವನು ಆ ಇಡೀ ಆಸ್ಪತ್ರೆಯಲ್ಲಿ ಅವನೊಬ್ಬನೇ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಹೊಸ ಸೂಪರ್‌ವೈಸರ್ ಬಂದ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಇವನು ಬಟ್ಟೆ ಬಿಟ್ಟು ಉಳಿದದ್ದನ್ನೆಲ್ಲ ಒಗೆಯಲು ಹೊರಟ. ಬೆಂಚುಗಳಿಗೆ ಬಣ್ಣ ಬಳಿಸಿದ, ಗೋಡೆಗೆ ಸೂಚನೆ ಅಂಟಿಸಿದ, ಕೊನೆಗೆ ಒಂದು ಶುಕ್ರವಾರ ಹಿಂಬಾಗಿಲಿಗೆ ಬಂದು ಫೋನು ಹಿಡಿದು ನಿಂತ.

"ನಾಯಿ ಹಿಡಿಯೋ ವ್ಯಾನಿಗೆ ಹೇಳಿದೀನಿ. ಇನ್ಮೇಲೆ ಈ ಅಂಗಳದಲ್ಲಿ ನಾಯಿ ಇರಕೂಡದು."

ವ್ಯಾನು ಒಯ್ದ ನಾಯಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ತಿರುಗಿ ಬಂದ ನಾಯಿಯನ್ನಂತೂ ಯಾರೂ ಕಂಡಿರಲಿಲ್ಲ.

"ಇದು ಬೀದಿ ನಾಯಿ ಅಂತ ನಿಮಗೆ ಯಾರು ಹೇಳಿದ್ರು?" ಎಂದಳು ಬಾಯ್ಲರಕ್ಕ. ಮುಂದಿನ ಮಾತು ಅವಳನ್ನು ಕೇಳದೆ ತಾನೇ ಹೊರಗೆ ಬಿತ್ತು. "ಇದು ನಮ್ಮನೆ ನಾಯಿ!"

ಸೂಪರ್‌ವೈಸರ್ ನಾಯಿಯನ್ನು ನೋಡಿದ, ಅವಳನ್ನು ನೋಡಿದ. ಅವನೇನು ದಡ್ಡನಲ್ಲ. "ಹೌದಾ? ಒಳ್ಳೇದಾಯ್ತು. ಹಾಗಾದ್ರೆ ಇವತ್ತೇ ನಿಮ್ಮನೆಗೆ ಕರ್ಕೊಂಡು ಹೋಗಿ. ಇದೊಂದು ಸೋಮವಾರ ಬಿಟ್ಟು ಬರೋ ಸೋಮವಾರ ವ್ಯಾನು ಬರುತ್ತೆ. ಅವತ್ತು ಇಲ್ಲಿ ಕಂಡ ನಾಯಿ ವ್ಯಾನಿಗೆ. ಯಾರ ಮನೇದು ಅಂತ ಆಮೇಲೆ ಕೇಳಲ್ಲ."

ಹೀಗೆ, ಪ್ರೀತಿಯಿಂದಲ್ಲ, ಸಿಟ್ಟಿನಿಂದ, ಬಾಯ್ಲರಕ್ಕ ಒಂದು ನಾಯಿಯನ್ನು ಸಾಕಿಕೊಂಡಳು. ಅರ್ಧ ದಿನ ರಜೆ ಹಾಕಿ, ಗೋಣಿಚೀಲವನ್ನು ಕಂಕುಳಲ್ಲಿಟ್ಟು, ತಲೆಯ ಬಟ್ಟೆಯನ್ನೂ ಬಿಚ್ಚದೆ ಅವನನ್ನು ಕರೆದುಕೊಂಡು ಹೊರಟಳು. ಹಗ್ಗವೇನೋ ಇತ್ತು, ಬೇಕಾಗಲಿಲ್ಲ. ಎರಡು ದೊಡ್ಡ ರಸ್ತೆ, ಒಂದು ಸೇತುವೆ ದಾಟಿ, ಅವಳ ಹಿಮ್ಮಡಿಗೆ ಮೂಗು ತಾಗಿಸಿಕೊಂಡೇ ಅವನು ಬಂದ.

ಮನೆಯೆಂದರೆ ನೆಲಮಹಡಿಯ ಎರಡು ಕೋಣೆ. ಗಂಡ ತೀರಿಕೊಂಡ ಮೇಲೆ ಅಲ್ಲಿದ್ದದ್ದು ಬಾಯ್ಲರಕ್ಕ ಮತ್ತು ಅವಳ ನಾದಿನಿ, ಗಂಡನ ತಂಗಿ. ಹನ್ನೊಂದು ವರ್ಷದ ಹಿಂದೆ ಕಟ್ಟಿಕೊಂಡವನು ಇವಳನ್ನು ಒಂದು ಟ್ರಂಕಿನೊಂದಿಗೆ ಬೀದಿಗೆ ನಿಲ್ಲಿಸಿದಾಗ, ಹೋಗಿ ಕರೆದುಕೊಂಡು ಬಂದವಳು ಬಾಯ್ಲರಕ್ಕನೇ. ಆ ಗಂಡನಿಗೆ ಅವನ ಬೀದಿಯವರೆಲ್ಲ ಕೇಳುವಂತೆ ಬೈದು ಬಂದಿದ್ದಳು. ನಾದಿನಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಳತೆ ಕೊಡುವವರು, ಬಟ್ಟೆ ಒಯ್ಯುವವರು ದಿನವೆಲ್ಲ ಬರುತ್ತಿದ್ದರಿಂದ ಆ ಬಾಗಿಲು ಮುಚ್ಚಿದ್ದೇ ಕಡಿಮೆ. ಅತ್ತಿಗೆ ಎಷ್ಟು ಬಾಯಿಯೋ ನಾದಿನಿ ಅಷ್ಟು ಮೌನ.

"ಅತ್ತಿಗೆ, ಏನಿದು?"

"ನಾಯಿ. ಕಣ್ಣು ಕಾಣಲ್ವಾ?"

ನಾದಿನಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಳು.

ಬಾಯ್ಲರಕ್ಕ ಮಾಡಿದ ಮೊದಲ ಕೆಲಸ, ಅವಳ ಕೈ ಇಪ್ಪತ್ನಾಲ್ಕು ವರ್ಷದಿಂದ ಮಾಡುತ್ತ ಬಂದದ್ದು. ಗುಮಾಸ್ತನನ್ನು ಬಚ್ಚಲಿಗೆ ಒಯ್ದು, ಬಿಸಿನೀರು ಸುರಿದು, ಔಷಧಿ ವಾಸನೆಯ ಸೋಪಿನಿಂದ ಮೂರು ಸಲ ತಿಕ್ಕಿದಳು. ಅವನ ಗೋಣಿಚೀಲವನ್ನು ಕುದಿಸಿದಳು. ತನ್ನ ಬಟ್ಟೆ, ತಲೆಯ ಬಟ್ಟೆ ಎಲ್ಲವನ್ನೂ ನೆನೆಹಾಕಿದಳು. ಅವನು ನಡೆದ ನೆಲವನ್ನು ಬ್ಲೀಚಿನಿಂದ ಒರೆಸಿದಳು. ತಾನೂ ಸ್ನಾನ ಮಾಡಿ ಬಂದಳು. ಆಮೇಲೆ ಕೂತು, ಮೊಟ್ಟೆ ಕಲಸಿದ ಬ್ರೆಡ್ಡಿನ ತಟ್ಟೆ ಮುಂದಿಟ್ಟು ಕೈ ಚಾಚಿದಳು. "ಬಾರೋ."

ಗುಮಾಸ್ತ ಆ ಕೈಯನ್ನು ಮೂಸಿದ. ಮತ್ತೊಮ್ಮೆ ಮೂಸಿದ. ಕಿವಿ ಮಡಚಿ, ಒಂದೊಂದೇ ಹೆಜ್ಜೆ ಹಿಂದೆ ಸರಿದು, ಒಳಕೋಣೆಯಲ್ಲಿ ನಾದಿನಿಯ ಮಂಚದ ಕೆಳಗೆ ಹೊಕ್ಕವನು ಈಚೆ ಬರಲಿಲ್ಲ. ಆರು ವರ್ಷ ತುತ್ತು ಕೊಟ್ಟ ಕೈ! ಬಾಯ್ಲರಕ್ಕನಿಗೆ ಅಳು ಬಂತು. ಬಂದ ಅಳು ರೂಢಿಯಂತೆ ಗಂಟಲಲ್ಲೇ ಸಿಟ್ಟಾಯಿತು. "ಬಿದ್ಕೊಂಡಿರು ಅಲ್ಲೇ, ನನಗೇನು!" ಎಂದು ಮಂಚದ ಕಾಲಿಗೆ ಒದ್ದಳು. ನೋವಾದದ್ದು ಅವಳ ಬೆರಳಿಗೆ.

ಬೆಳಿಗ್ಗೆ ಎದ್ದರೆ ಮಂಚದ ಕಾಲಿಗೆ ಉಚ್ಚೆ, ಬಾಗಿಲ ಮೂಲೆಗೆ ಉಚ್ಚೆ. ಬಾಯ್ಲರಕ್ಕ ಬೈಯುತ್ತ ಬ್ಲೀಚು ಹಾಕಿ ತಿಕ್ಕಿದಳು, ಅವನ ಚೀಲವನ್ನು ಮತ್ತೆ ಒಗೆದಳು. ಮರುದಿನವೂ ಅದೇ ಜಾಗಕ್ಕೆ ಉಚ್ಚೆ, ಮತ್ತೆ ಬ್ಲೀಚು. ಅವನ ತಟ್ಟೆ ಇಟ್ಟ ಹಾಗೇ ಇತ್ತು. ಮೂರನೆಯ ದಿನ ಕಟ್ಟಿಹಾಕಿದಳು. ಬೊಗಳಲಾರದ ನಾಯಿ ಎಂದವರು ಅಂದು ಕೇಳಬೇಕಿತ್ತು. ಒಸಡಿನಲ್ಲಿ ರಕ್ತ ಬರುವ ತನಕ ಹಗ್ಗ ಕಚ್ಚಿ ಕಿರುಚಿದ. ಮೇಲ್ಮನೆಯವರು ನೆಲ ಕುಟ್ಟಿದರು. ಬಾಯ್ಲರಕ್ಕ ಪೊರಕೆ ಹಿಡಿಯಿಂದ ಚಾವಣಿಗೆ ಅದಕ್ಕಿಂತ ಜೋರಾಗಿ ಕುಟ್ಟಿ, ಹಗ್ಗವನ್ನು ಬಿಚ್ಚಿ ಕಸಕ್ಕೆ ಎಸೆದಳು.

ಪುಕ್ಕಟೆ ಬುದ್ಧಿ ಹೇಳುವವರಿಗೆ ಬರವೇ? ಶುದ್ಧ ಬದಿಯಲ್ಲಿ ಇಸ್ತ್ರಿ ಮಾಡುವ ತಾತ ಗೋಡೆಯ ಕಿಂಡಿಗೆ ಬಾಯಿಟ್ಟು, "ಬೀದಿಯಲ್ಲಿ ಬೆಳೆದದ್ದು ಮನೆಗೆ ಒಗ್ಗಲ್ಲ ಕಣಮ್ಮಾ, ಮರಿ ಆಗಿದ್ರೆ ಆ ಮಾತು ಬೇರೆ" ಎಂದ. ಮೇಲ್ಮನೆಯಾಕೆ ಉಪವಾಸ ಕೆಡವು ಎಂದಳು. ಮಾತಾಡದ ನಾದಿನಿ ಕೂಡ ಒಂದು ಮಾತು ಆಡಿದಳು: "ಅವನು ಹೊಯ್ಯೋದು, ನೀವು ತೊಳೆಯೋದು. ಇದಕ್ಕೆ ಕೊನೆ ಎಲ್ಲಿ ಅತ್ತಿಗೆ?"

"ಅವನಿಗೆ ಬುದ್ಧಿ ಬಂದಾಗ!" ಎಂದು ಬಾಯ್ಲರಕ್ಕ ಬಕೆಟ್ಟು ಕುಕ್ಕಿದಳು.

ಗುರುವಾರ ಹನ್ನೊಂದು ಗಂಟೆಗೆ ಅವಳು ಊಟದ ಡಬ್ಬಿ ಹಿಡಿದು ಹಿಂಬಾಗಿಲು ತೆರೆದರೆ, ಮೆಟ್ಟಿಲಿನ ಮೇಲೆ ಗುಮಾಸ್ತ. ನಾದಿನಿಯ ಗಿರಾಕಿ ಯಾರೋ ಬಾಗಿಲು ತೆರೆದಾಗ ನುಸುಳಿ, ಎರಡು ದೊಡ್ಡ ರಸ್ತೆ ತಾನೇ ದಾಟಿ ಬಂದಿದ್ದ. ಅವಳನ್ನು ಕಂಡದ್ದೇ ತಡ, ಮೈಯೆಲ್ಲ ಬಾಲವಾದಂತೆ ಕುಣಿದ. ಅವಳ ಮೊಣಕೈ, ಕುತ್ತಿಗೆ, ಬೆವರಿನಿಂದ ಒದ್ದೆಯಾದ ತಲೆಬಟ್ಟೆ, ಎಲ್ಲವನ್ನೂ ನೆಕ್ಕಿದ. ಮನೆಯಲ್ಲಿ ಮುಖ ತಿರುಗಿಸುವವನು ಇಲ್ಲಿ ಬಹುಕಾಲದ ನೆಂಟನ ಹಾಗೆ ಅಪ್ಪಿಕೊಳ್ಳುತ್ತಾನೆ!

"ನಾನು ಏನು ಕಡಿಮೆ ಮಾಡಿದೆನೋ ನಿನಗೆ?" ಎಂದು ಕೇಳಿದಳು. ಅವನು ಅವಳ ಡಬ್ಬಿಯ ಅರ್ಧ ಊಟ ಮುಗಿಸಿದ. ಆರು ದಿನದಲ್ಲಿ ಮನೆಯಲ್ಲಿ ಅಷ್ಟು ತಿಂದಿರಲಿಲ್ಲ.

ಸೂಪರ್‌ವೈಸರ್ ಕಿಟಕಿಯಿಂದ ನೋಡಿದ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಮೇಲೆ ಬೆರಳಿಟ್ಟು ತೋರಿಸಿದ, ಅಷ್ಟೇ. ಆ ಬೆರಳನ್ನು ಕಚ್ಚಿಬಿಡಬೇಕು ಎನ್ನಿಸಿತು ಬಾಯ್ಲರಕ್ಕನಿಗೆ.

ಮನೆಗೆ ಬಂದು ಗುಮಾಸ್ತನನ್ನು ಬಚ್ಚಲಿಗೆ ಎಳೆದಳು. ಅಂಗಳದ ಕೊಳೆಯೆಲ್ಲ ಮೈಗೆ ಹತ್ತಿಸಿಕೊಂಡು ಬಂದಿದ್ದಾನಲ್ಲ. ಬಕೆಟ್ಟಿಗೆ ಬಿಸಿನೀರು ಬಿಟ್ಟು, ಸೋಪು ಕೈಗೆ ತೆಗೆದುಕೊಂಡಳು. ಗುಮಾಸ್ತ ಮೂಲೆಗೆ ಅಂಟಿ ನಡುಗುತ್ತಿದ್ದ. ಆಗ ನಾದಿನಿ ಬಂದಳು. ಬಂದವಳು ಕಾಲೆತ್ತಿ ಬಕೆಟ್ಟಿಗೆ ಒದ್ದಳು. ನೀರು ಹೊಸ್ತಿಲು ದಾಟಿ ಹರಿಯಿತು.

ಬಾಯ್ಲರಕ್ಕ ಉರುಳಿದ ಬಕೆಟ್ಟನ್ನು ಎತ್ತಿ ಮತ್ತೆ ನಲ್ಲಿಯ ಕೆಳಗಿಟ್ಟಳು.

"ಸಾಕು," ಎಂದಳು ನಾದಿನಿ. "ಸಾಕು ನಿಮ್ಮ ತೊಳೆಯೋದು. ಅವನಿಗೆ ಇದು ಮನೆ ಆಗೋದು ಹೇಗೆ? ಅವನು ಒಂದು ಮೂಲೆ ನಂದು ಅಂತ ಮಾಡ್ಕೊಂಡ್ರೆ ಬೆಳಿಗ್ಗೆ ನೀವು ಅದನ್ನ ತೊಳೆದುಬಿಡ್ತೀರಿ. ಅವನ ಚೀಲ ಅವನದಲ್ಲ, ಅವನ ಮೈ ಅವನದಲ್ಲ, ನೀವೂ ನೀವಲ್ಲ. ಅವನಿಗೆ ಗೊತ್ತಿದ್ದ ಹೆಂಗಸು ಆ ಮೆಟ್ಟಿಲ ಮೇಲೆ ಕೂರೋಳು, ಬೆವರು ವಾಸನೆಯೋಳು. ದಿನಾ ಹುಡುಕ್ತಾನೆ, ಇಲ್ಲಿ ಅವಳಿಲ್ಲ."

"ನಾಯಿ ಮನಸ್ಸಲ್ಲಿರೋದು ನಿನಗೆ ಬಂದು ಹೇಳ್ತಾ?"

"ನನಗ್ಯಾಕೆ ನಾಯಿ ಹೇಳಬೇಕು? ನಾನು ಬಂದ ದಿನ ನೀವು ಏನು ಮಾಡಿದ್ರಿ? ಟ್ರಂಕು ತೆಗೆದು, ನನ್ನ ಒಂದೊಂದು ಬಟ್ಟೇನೂ ಕುದಿಯೋ ನೀರಿಗೆ ಹಾಕಿದ್ರಿ. ಅದರಲ್ಲಿ ಅಮ್ಮನ ಹೊದಿಕೆ ಇತ್ತು. ಅಮ್ಮ ಸತ್ತ ಮೇಲೆ ನಾನು ಅದನ್ನ ನೀರಿಗೆ ತೋರಿಸಿರಲಿಲ್ಲ. ಮುಖಕ್ಕೆ ಹೊದ್ದುಕೊಂಡ್ರೆ ಅವಳಿದ್ದ ಹಾಗಿರ್ತಿತ್ತು. ಸಂಜೆ ಮಡಚಿ ಕೈಗೆ ಕೊಟ್ರಲ್ಲ, ಬರೀ ಸೋಪು. ಆರು ತಿಂಗಳು ಈ ಮನೇಲಿ ನನಗೆ ನಿದ್ದೆ ಬರಲಿಲ್ಲ ಅತ್ತಿಗೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಆದರೆ ಅಂದು ಬಾಯ್ಲರಕ್ಕ ಸಿಟ್ಟಿನಿಂದ ಕೊಯ್ದಿರಲಿಲ್ಲ. ಬೀದಿಗೆ ಬಿದ್ದವಳಿಗೆ ಹೊಸ ಬಾಳು ಕೊಡುತ್ತಿದ್ದೇನೆ ಎಂದು, ಕೈ ಸುಡುವ ನೀರಿನಲ್ಲಿ, ಅಕ್ಕರೆಯಿಂದಲೇ ಒಗೆದಿದ್ದಳು. ಸೋಪನ್ನು ಗೋಡೆಗೆ ಎಸೆದು ಆಚೆ ಹೋದಳು. ಗುಮಾಸ್ತ ಒಣ ಮೈಯಲ್ಲೇ ಮಂಚದ ಕೆಳಗೆ ಹೋದ.

ಶುಕ್ರವಾರ ಕೆಲಸ ಮುಗಿದಾಗ ಬಾಯ್ಲರಕ್ಕ ಕಳ್ಳತನ ಮಾಡಿದಳು. ತಲೆಗೆ ಕಟ್ಟುವ ಬಟ್ಟೆ ಅವಳದೇ, ಆದರೆ ಕೊಳೆ ಬದಿಗೆ ಹೋದದ್ದು ಯಂತ್ರಕ್ಕೆ ಬೀಳದೆ ಗೇಟು ದಾಟುವಂತಿಲ್ಲ. ಹಿಂದಿನ ಶುಕ್ರವಾರ ಸಿಟ್ಟಿನಲ್ಲಿ ಮರೆತು ಕಟ್ಟಿಕೊಂಡೇ ಹೋಗಿದ್ದಳು, ಇಂದು ಬೇಕೆಂದೇ. ಅದನ್ನು ಮುದ್ದೆ ಮಾಡಿ ಡಬ್ಬಿಯ ಚೀಲದಲ್ಲಿ ತುರುಕಿ, ಕಾವಲಿನವನನ್ನು ದುರುಗುಟ್ಟಿ ನೋಡುತ್ತ ಆಚೆ ಬಂದಳು. ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಆ ಬಟ್ಟೆ ಹಾಸಿ, ಒಳಗೆ ಹೋಗಿ ಬಾಗಿಲ ಸಂದಿನಿಂದ ನೋಡಿದಳು. ಮಂಚದ ಕೆಳಗಿನಿಂದ ಮೊದಲು ಮೂಗು ಬಂತು, ಆಮೇಲೆ ಹರಿದ ಕಿವಿ, ಆಮೇಲೆ ಇಡೀ ಗುಮಾಸ್ತ. ಬಟ್ಟೆಯನ್ನು ಗಂಟು ನೋಡುವ ಹಾಗೆ ಮೂಲೆ ಮೂಲೆ ಮೂಸಿದ. ಮೂರು ಸುತ್ತು ತಿರುಗಿ ಅದರ ಮೇಲೆ ಬಿದ್ದವನು ನಿಟ್ಟುಸಿರು ಬಿಟ್ಟ. ಪೆಡಲು ತುಳಿಯುತ್ತಿದ್ದ ನಾದಿನಿ ಸದ್ದಾಗಬಾರದೆಂದು ಕಾಲು ನಿಲ್ಲಿಸಿದಳು.

ಶನಿವಾರ ಅವನು ತಟ್ಟೆ ಖಾಲಿ ಮಾಡಿದ. ಭಾನುವಾರ ಬಾಗಿಲ ಮೂಲೆ ಒಣಗಿತ್ತು. ಬಾಯ್ಲರಕ್ಕನ ಪಾಡು ಮಾತ್ರ ಯಾರಿಗೂ ಬೇಡ. ನೆಲ ಒರೆಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಬ್ಲೀಚಿನ ಬಾಟಲಿ ಕಂಡರೆ ಕೈ ನವೆಯಾಗುತ್ತಿತ್ತು. "ನಾಯಿ ಸಾಕೋಕೆ ಹೋಗಿ ನಾನೇ ನಾಯಿ ಪಾಡಾದೆ," ಎಂದು ಗೊಣಗಿದಳು. ನಾದಿನಿಯೊಂದಿಗೆ ಮಾತು ಬಿಟ್ಟು ಮೂರು ದಿನವಾಗಿತ್ತು.

ಸೋಮವಾರ ಬಂದೇ ಬಂತು. ಬಾಗಿಲು ಎಂದಿನಂತೆ ತೆರೆದೇ ಇರುತ್ತದೆ, ಗಿರಾಕಿಗಳು ಬಂದೇ ಬರುತ್ತಾರೆ. ಅವನು ಹೊರಟರೆ ಹಿಡಿಯುವವರಿಲ್ಲ. ಬಾಯ್ಲರಕ್ಕ ಹಿಂಬಾಗಿಲನ್ನು ಹತ್ತು ಸಲ ತೆರೆದು ನೋಡಿದಳು. ಮೆಟ್ಟಿಲು ಖಾಲಿ. ಹತ್ತು ಗಂಟೆಗೆ ಮುಂದಿನ ಗೇಟಿನಲ್ಲಿ ವ್ಯಾನಿನ ಸದ್ದು, ನಾಯಿಗಳ ಅರಚಾಟ. ಮತ್ತೆ ಕಿಂಡಿಯಲ್ಲಿ ಇಸ್ತ್ರಿ ತಾತನ ಗಾಬರಿಯ ದನಿ:

"ಬಾಯ್ಲರಕ್ಕಾ! ಕಂದು ಬಣ್ಣದ್ದೊಂದನ್ನ ಎಳ್ಕೊಂಡು ಹೋಗ್ತಿದಾರೆ ಕಣಮ್ಮಾ!"

ಹಿಂಬಾಗಿಲಿನಿಂದ ಮುಂದಿನ ಗೇಟಿಗೆ ಇಡೀ ಆಸ್ಪತ್ರೆ ಸುತ್ತಬೇಕು. ನೇರ ದಾರಿ ಒಂದೇ. ಬಾಯ್ಲರಕ್ಕ ರಕ್ತ ಹತ್ತಿದ ಮೇಲಂಗಿಯಲ್ಲೇ, ಕೈಗವಸಿನಲ್ಲೇ, ಗೋಡೆಯ ಬಾಗಿಲನ್ನು ಒದ್ದು ಶುದ್ಧ ಬದಿಗೆ ನುಗ್ಗಿದಳು. ಮಡಚಿಟ್ಟ ಬಿಳಿ ಹಾಸುಗಳ ಸಾಲುಗಳ ನಡುವೆ ಓಡಿದಳು. ಹೆಂಗಸರು ಚೀರಿದರು. "ರೀ, ಎಲ್ಲಾ ಮತ್ತೆ ಒಗೀಬೇಕಾಗುತ್ತೆ!" ಎಂದು ಸೂಪರ್‌ವೈಸರ್ ಕೂಗಿದ.

"ಒಗೀರಿ! ನಾನು ಇಪ್ಪತ್ನಾಲ್ಕು ವರ್ಷ ಒಗೆದಿಲ್ವಾ?"

ಅವಳು ಗೇಟಿಗೆ ಬರುವಷ್ಟರಲ್ಲಿ ವ್ಯಾನು ತಿರುವು ದಾಟಿತ್ತು. ಅಲ್ಲಿಂದ ಮನೆಗೆ ಓಡಿದಳು, ದಮ್ಮು ಕಟ್ಟಿದಾಗ ನಡೆದಳು, ಮತ್ತೆ ಓಡಿದಳು. ಅವಳ ಮೇಲಂಗಿ ಕಂಡು ಜನ ರಸ್ತೆ ಬಿಟ್ಟುಕೊಟ್ಟರು. ಸೂಪರ್‌ವೈಸರನ್ನು, ವ್ಯಾನನ್ನು, ತೆರೆದ ಬಾಗಿಲನ್ನು, ಒಂದು ವಾರ ಬ್ಲೀಚು ಸುರಿದ ತನ್ನ ಎರಡು ಕೈಗಳನ್ನು ದಾರಿಯುದ್ದಕ್ಕೂ ಬೈದಳು.

ಬಾಗಿಲು ಹಾರುಹೊಡೆದಿತ್ತು. ಯಂತ್ರದ ಪಕ್ಕ, ಬಟ್ಟೆಯ ಮೇಲೆ, ಗುಮಾಸ್ತ ಮಲಗಿದ್ದ. ನಾದಿನಿ ಪೆಡಲು ತುಳಿಯುತ್ತಿದ್ದಳು. ಅವಳ ಇನ್ನೊಂದು ಪಾದ ಅವನ ಬೆನ್ನ ಮೇಲಿತ್ತು. ಬಾಯ್ಲರಕ್ಕನನ್ನು ಕಂಡು ಅವನು ಎದ್ದು ಬಂದು, ನಾರುವ ಮೇಲಂಗಿಯನ್ನು ಮೂಸಿ ಬಾಲ ಆಡಿಸಿದ. ವ್ಯಾನಿಗೆ ಹೋದದ್ದು ಬೇರೆ ಯಾವುದೋ ಕಂದು ನಾಯಿ. ಅದಕ್ಕೋಸ್ಕರ ಸುಳ್ಳು ಹೇಳುವವರು ಯಾರೂ ಇರಲಿಲ್ಲ.

ಎದೆಯ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಬಾಯ್ಲರಕ್ಕ ನಾಲ್ಕು ದಿನದಿಂದ ನುಂಗಿಕೊಂಡಿದ್ದನ್ನೆಲ್ಲ ನಾದಿನಿಯ ಮೇಲೆ ಸುರಿದಳು. "ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೇ! ಅವತ್ತೇ ಕಿರುಚೋಕೇನಾಗಿತ್ತು? ನನ್ನ ಮುಖಕ್ಕೇ ಎಸೀಬೇಕಿತ್ತು ಆ ಹೊದಿಕೇನ! ಈ ನಾಯಿಗೆ ಆರು ದಿನದಲ್ಲಿ ಗೊತ್ತಾಯ್ತು, ಇಲ್ಲಿರಬಾರದು, ಓಡಿ ಹೋಗಬೇಕು ಅಂತ. ನೀನ್ಯಾಕೆ ಹೋಗಲಿಲ್ಲ?"

ನಾದಿನಿ ದಾರವನ್ನು ಹಲ್ಲಿನಿಂದ ಕತ್ತರಿಸಿ, ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅವನಿಗೆ ಹೋಗೋಕೆ ಒಂದು ಮೆಟ್ಟಿಲಾದ್ರೂ ಇತ್ತು ಅತ್ತಿಗೆ," ಎಂದಳು. "ನಾನೆಲ್ಲಿಗೆ ಹೋಗಲಿ?"

ಬಾಯ್ಲರಕ್ಕ ಇದ್ದ ಬಟ್ಟೆಯಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕಿದಳು. ಆ ಎರಡು ಕೋಣೆಯಲ್ಲಿ ತನ್ನ ಹೊರತು ಬೇರೆ ಯಾರೂ ಸಿಗಲಿಲ್ಲ.